ಥರ್ಮೋಕೋಲ್ ಛಾವಣಿಯ ಕೆಳಗಲ್ಲ, ಮೇಲೆ: ಪ್ಯಾಕಿಂಗ್ ಫೋಮಿನಿಂದ ಮನೆಯ ಬಿಸಿ ತಗ್ಗಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಏಪ್ರಿಲ್ ಮುಗಿಯುವ ಹೊತ್ತಿಗೆ ರಾತ್ರಿ ಹತ್ತು ಗಂಟೆಯಾದರೂ ಆರ್‌ಸಿಸಿ ಛಾವಣಿಯ ಕೆಳಗೆ ಮಲಗುವುದು ಕಷ್ಟ. ಹಗಲಿಡೀ ಕುಡಿದ ಬಿಸಿಲನ್ನು ಸ್ಲ್ಯಾಬ್ ರಾತ್ರಿಯಿಡೀ ಕೆಳಕ್ಕೆ ಕಾರುತ್ತದೆ. ಫ್ಯಾನ್ ತಿರುಗಿದರೆ ಆ ಬಿಸಿಗಾಳಿಯೇ ಮೈಮೇಲೆ ಬೀಳುತ್ತದೆ. ಹೊರಗಿನ ತಾಪ 42 ಡಿಗ್ರಿ ದಾಟುವ ದಿನಗಳು ಇಲ್ಲಿ ಹೊಸದಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ತೊಲೆ, ಜಂತಿಗಳ ಮೇಲೆ ಗೇಣುದ್ದ ಮಣ್ಣು ಹೊತ್ತ ಮಾಳಿಗೆ ಇತ್ತು. ಅದರ ಕೆಳಗೆ ಮಧ್ಯಾಹ್ನ ಮಲಗಿದರೆ ನಿದ್ದೆ ಬರುತ್ತಿತ್ತು. ಆ ಮಣ್ಣು ತೆಗೆದು ಐದಿಂಚಿನ ಕಾಂಕ್ರೀಟು ಹಾಕಿಕೊಂಡ ನಾವು ಛಾವಣಿಯ ಗಟ್ಟಿತನ ಪಡೆದೆವು, ತಂಪನ್ನು ಕಳೆದುಕೊಂಡೆವು.

ಇನ್ನೊಂದೆಡೆ ಪ್ರತಿ ಮನೆಯ ಅಟ್ಟದಲ್ಲೂ ಫ್ರಿಜ್, ಟಿವಿ, ವಾಷಿಂಗ್ ಮಷೀನ್‌ಗಳ ಜೊತೆ ಬಂದ ಬಿಳಿ ಥರ್ಮೋಕೋಲ್ ತುಂಬಿರುತ್ತದೆ. ರದ್ದಿಯವರು ಅದನ್ನು ಮುಟ್ಟುವುದಿಲ್ಲ. ಅದರ ಗಾತ್ರದಲ್ಲಿ ನೂರಕ್ಕೆ 98 ಪಾಲು ಗಾಳಿಯೇ ಇರುವುದರಿಂದ ಗಾಡಿ ತುಂಬಿದರೂ ತಕ್ಕಡಿ ತೂಗುವುದಿಲ್ಲ. ಥರ್ಮೋಕೋಲ್ ತಟ್ಟೆ ಲೋಟಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಆದರೆ ಪೆಟ್ಟಿಗೆಯೊಳಗೆ ಬರುವ ಪ್ಯಾಕಿಂಗ್ ಥರ್ಮೋಕೋಲ್ ಆ ಪಟ್ಟಿಗಳಲ್ಲಿ ಇಲ್ಲ. ಅದು ಮನೆಗೆ ಬರುತ್ತಲೇ ಇದೆ, ಕೊನೆಗೆ ಖಾಲಿ ನಿವೇಶನದಲ್ಲಿ ಸುಟ್ಟು ಕಪ್ಪು ಹೊಗೆಯಾಗುತ್ತಿದೆ ಅಥವಾ ಚರಂಡಿ ಸೇರುತ್ತಿದೆ.

ಬಿಸಿ ತಡೆಯುವುದಕ್ಕೆ ಬೇಕಾದದ್ದೇ ಆ ಗಾಳಿ. ಹಾಗಾದರೆ ಇದನ್ನು ಮನೆಗೆ ಹೊದಿಸಬಾರದೇಕೆ? ಹೊದಿಸಬಹುದು. ಆದರೆ ಎಲ್ಲಿ ಹೊದಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೆಚ್ಚಿನವರು ಮಾಡುವ ತಪ್ಪಿನಿಂದಲೇ ಆರಂಭಿಸುತ್ತೇನೆ.

ಕೋಣೆಯೊಳಗೆ ಅಂಟಿಸಬೇಡಿ

ಥರ್ಮೋಕೋಲ್ ಹಲಗೆಗಳನ್ನು ಛಾವಣಿಯ ಕೆಳಮೈಗೆ ಅಂಟಿಸಿ, ಮೇಲೆ ಬಣ್ಣದ ಕಾಗದ ಹಚ್ಚಿದ ಮನೆಗಳನ್ನು ನಾನು ನೋಡಿದ್ದೇನೆ. ತಗಡಿನ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ದಯವಿಟ್ಟು ಹೀಗೆ ಮಾಡಬೇಡಿ. ಅಂಟಿಸಿದ್ದರೆ ಈ ವಾರವೇ ಕಿತ್ತು ತೆಗೆಯಿರಿ.

ಥರ್ಮೋಕೋಲ್ ಎಂದರೆ ಪಾಲಿಸ್ಟೈರೀನ್, ಪೆಟ್ರೋಲಿಯಮ್‌ನಿಂದ ಬಂದ ವಸ್ತು. ಸುಮಾರು 80 ಡಿಗ್ರಿ ದಾಟಿದರೆ ಅದು ಮೆತ್ತಗಾಗತೊಡಗುತ್ತದೆ. ಬೆಂಕಿ ತಗುಲಿದರೆ ಕರಗಿ, ಉರಿಯುವ ಹನಿಗಳಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಅದರ ದಟ್ಟ ಕಪ್ಪು ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಕಟ್ಟಡಗಳ ಉಷ್ಣನಿರೋಧಕ್ಕೆಂದು ತಯಾರಾಗುವ ಥರ್ಮೋಕೋಲಿಗೆ ಐಎಸ್ 4671 ಎಂಬ ಭಾರತೀಯ ಮಾನಕವಿದೆ, ಬೆಂಕಿ ಬೇಗ ಹರಡದಂತೆ ರಾಸಾಯನಿಕ ಬೆರೆಸಿದ ನಮೂನೆಯೂ ಸಿಗುತ್ತದೆ. ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲ್ ಸಾಗಾಟದಲ್ಲಿ ಪೆಟ್ಟು ತಡೆಯಲೆಂದು ಮಾಡಿದ್ದು. ಅದರಲ್ಲಿ ಆ ರಕ್ಷಣೆ ಇದೆ ಎಂದು ಎಂದಿಗೂ ನಂಬಬೇಡಿ.

2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್ ಊರಿನ ಸಂಗೀತದ ಕ್ಲಬ್ ಒಂದರಲ್ಲಿ ವೇದಿಕೆಯ ಪಟಾಕಿಯ ಕಿಡಿ ಗೋಡೆಗೆ ಹಾರಿತು. ಸದ್ದು ತಗ್ಗಿಸಲೆಂದು ಆ ಗೋಡೆಗೆ ಪಾಲಿಯುರೆಥೇನ್ ಫೋಮ್ ಅಂಟಿಸಿದ್ದರು. 100 ಜನ ಸತ್ತರು. ಅದು ಥರ್ಮೋಕೋಲ್ ಅಲ್ಲ, ಬೇರೆ ಜಾತಿಯ ಫೋಮ್. ಆದರೂ ಬೆಂಕಿನಿರೋಧಕವಲ್ಲದ ಫೋಮನ್ನು ಜನ ಇರುವ ಕೋಣೆಯ ಒಳಮೈಗೆ ಬರಿದಾಗಿ ಅಂಟಿಸಿದರೆ ನಿಮಿಷಗಳಲ್ಲಿ ಏನಾಗುತ್ತದೆ ಎಂಬುದನ್ನು ಆ ರಾತ್ರಿ ತೋರಿಸಿತು. ನಮ್ಮ ಮನೆಗಳಲ್ಲಿ ವೇದಿಕೆಯ ಪಟಾಕಿ ಇರುವುದಿಲ್ಲ, ನಿಜ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಕಿಡಿ ಹಾರಿಸುವ ಹಳೆಯ ಸ್ವಿಚ್ ಬೋರ್ಡ್ ಇರುತ್ತವೆ.

ಬೆಂಕಿಯ ಮಾತನ್ನು ಬದಿಗಿಟ್ಟರೂ ಒಳಗೆ ಅಂಟಿಸುವುದು ಉಷ್ಣದ ಲೆಕ್ಕದಲ್ಲೂ ಎರಡನೇ ದರ್ಜೆಯ ಕೆಲಸ. ಥರ್ಮೋಕೋಲ್ ಕೆಳಗಿದ್ದರೆ ಸ್ಲ್ಯಾಬ್ ಬಿಸಿಲಿನಲ್ಲಿ ಕಾಯುತ್ತಲೇ ಇರುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಬಿರುಕು ಬಿಡುತ್ತದೆ. ಅದೇ ಥರ್ಮೋಕೋಲ್ ಸ್ಲ್ಯಾಬಿನ ಮೇಲಿದ್ದರೆ ಬಿಸಿಲು ಕಾಂಕ್ರೀಟನ್ನು ತಲುಪುವ ಮೊದಲೇ ತಡೆಯಾಗುತ್ತದೆ. ಆಗ ಆ ಭಾರದ ಸ್ಲ್ಯಾಬ್ ಹಳೆಯ ಮಣ್ಣಿನ ಮಾಳಿಗೆಯಂತೆ ತಂಪನ್ನು ಹಿಡಿದಿಡುತ್ತದೆ. ಮೇಲಕ್ಕೆ ಹಾಕಿ, ಸಿಮೆಂಟಿನಲ್ಲಿ ಹುದುಗಿಸಿ. ಈ ಬರಹದ ಉಳಿದದ್ದೆಲ್ಲ ಇದರ ವಿವರಣೆ.

ಯಾವ ಫೋಮ್, ಗುರುತಿಸುವುದು ಹೇಗೆ

ಒಂದು ತುಂಡನ್ನು ಮುರಿಯಿರಿ. ಸಾಬೂದಾಣಿಯಂತಹ ದುಂಡು ಕಾಳುಗಳು ಉದುರಿದರೆ ಅದು ಥರ್ಮೋಕೋಲ್. ನಮಗೆ ಬೇಕಾದದ್ದು ಇದೇ. ಮುರಿಯದೆ ಬಾಗುವ, ಒತ್ತಿದರೆ ಮತ್ತೆ ಉಬ್ಬುವ, ಮೇಣದಂತೆ ನುಣುಪಾದ ಬಿಳಿ ಹಾಳೆ ಪಾಲಿಎಥಿಲೀನ್ ಫೋಮ್. ಟಿವಿ ಪರದೆಗೆ ಸುತ್ತಿರುವುದು, ಲ್ಯಾಪ್‌ಟಾಪಿನ ಎರಡು ಬದಿಗೆ ಇರುವುದು ಇದು. ಇದನ್ನು ಬೇರೆ ಇಡಿ, ನೀರಿನ ಪೈಪಿಗೆ ಬೇಕಾಗುತ್ತದೆ. ಹಳದಿ ಅಥವಾ ಬೂದು ಬಣ್ಣದ ಸ್ಪಂಜು ಪಾಲಿಯುರೆಥೇನ್. ಅದು ನೀರು ಹೀರುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ, ಈ ಕೆಲಸಕ್ಕೆ ಬೇಡ. ಕಡಲೆಕಾಯಿ ಆಕಾರದ ಹಗುರ ತುಂಡುಗಳು ಬಂದಿದ್ದರೆ ಒಂದನ್ನು ನೀರಿಗೆ ಹಾಕಿ. ಕರಗಿದರೆ ಅದು ಪಿಷ್ಟದ್ದು, ಗಿಡದ ಬುಡಕ್ಕೆ ಹಾಕಿಬಿಡಿ.

ಮೀನಿನ ಪೆಟ್ಟಿಗೆಗಳ ಥರ್ಮೋಕೋಲನ್ನು ಚೆನ್ನಾಗಿ ತೊಳೆದು ಒಣಗಿಸಿದ್ದರೆ ಮಾತ್ರ ತೆಗೆದುಕೊಳ್ಳಿ. ವಾಸನೆ ಉಳಿದರೆ ಇರುವೆ, ಇಲಿಗಳನ್ನು ಕರೆದಂತೆ.

ಎಷ್ಟು ಬೇಕು

ಅಂದಾಜಿಗೆ ತಕ್ಕಡಿ ಸಾಕು. ಪ್ಯಾಕಿಂಗ್ ಥರ್ಮೋಕೋಲಿನ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 15ರಿಂದ 25 ಕಿಲೋ. ಅಂದರೆ ಒಂದು ಕಿಲೋ ಥರ್ಮೋಕೋಲ್ ಸುಮಾರು 50 ಲೀಟರ್ ಜಾಗ ತುಂಬುತ್ತದೆ. ಪುಡಿ ಮಾಡಿದಾಗ ಕಾಳುಗಳ ನಡುವೆಯೂ ಜಾಗ ಬಿಡುವುದರಿಂದ ಅದು 70–80 ಲೀಟರಿನಷ್ಟಾಗುತ್ತದೆ.

ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯ ಛಾವಣಿ ಸುಮಾರು 11 ಚದರ ಮೀಟರ್. ಅದರ ಮೇಲೆ ಮೂರಿಂಚು, ಅಂದರೆ 75 ಮಿಲಿಮೀಟರ್ ಪದರ ಹಾಕಲು 840 ಲೀಟರ್ ಪುಡಿ ಬೇಕು. ತೂಕದಲ್ಲಿ ಹನ್ನೊಂದು, ಹನ್ನೆರಡು ಕಿಲೋ. ಒಂದು ಮನೆಯಲ್ಲಿ ಇಷ್ಟು ಸಿಗುವುದಿಲ್ಲ. ದೀಪಾವಳಿಯ ಮಾರಾಟದ ದಿನಗಳಲ್ಲಿ ಗೃಹೋಪಯೋಗಿ ವಸ್ತುಗಳ ಅಂಗಡಿಯವರನ್ನು ಕೇಳಿ. ಫ್ರಿಜ್ ಮನೆಗೆ ತಲುಪಿಸುವ ಹುಡುಗರಿಗೆ ವಿಳಾಸ ಕೊಟ್ಟಿಡಿ. ಹೇಗಾದರೂ ಎಸೆಯಲು ಜಾಗ ಹುಡುಕುತ್ತಿರುವ ಅವರು ಖುಷಿಯಿಂದ ತಂದುಕೊಡುತ್ತಾರೆ. ನನಗೆ ಒಂದು ಕೋಣೆಗೆ ಸಾಕಾಗುವಷ್ಟು ಸೇರಿಸಲು ಎರಡು ತಿಂಗಳು ಹಿಡಿಯಿತು.

ಕೂಡಿಡುವ ಜಾಗವನ್ನು ಯೋಚಿಸಿ ಆರಿಸಿ. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡ್ ಅಥವಾ ಯುಪಿಎಸ್ ಬ್ಯಾಟರಿಯ ಪಕ್ಕದಲ್ಲಿ ಥರ್ಮೋಕೋಲ್ ತುಂಬಿಡುವುದು ನಾನು ಮೇಲೆ ಹೇಳಿದ ಅಪಾಯವನ್ನೇ ಬೇರೆ ದಾರಿಯಿಂದ ಮನೆಗೆ ತಂದಂತೆ. ತಾರಸಿಯಲ್ಲಿ ಗೋಣಿಚೀಲಗಳಲ್ಲಿ ಕಟ್ಟಿ, ನೆರಳಿನಲ್ಲಿಡಿ. ಬಿಸಿಲು ನೇರವಾಗಿ ಬಿದ್ದರೆ ಥರ್ಮೋಕೋಲ್ ಹಳದಿಗಟ್ಟಿ ಮೇಲ್ಮೈ ಹುಡಿಯಾಗುತ್ತದೆ.

ಹಲಗೆಯೋ, ಪುಡಿಯೋ

ಹೊಸ ಕಟ್ಟಡಗಳಲ್ಲಿ ಅಂಗಡಿಯಿಂದ ತಂದ ಸಮನಾದ ಹಲಗೆಗಳನ್ನು ಸ್ಲ್ಯಾಬಿನ ಮೇಲೆ ಹಾಸಿ, ಅದರ ಮೇಲೆ ಕಾಂಕ್ರೀಟ್ ಪದರ ಹಾಕುತ್ತಾರೆ. ಪ್ಯಾಕಿಂಗ್ ತುಂಡುಗಳಿಗೆ ಈ ದಾರಿ ಹೊಂದುವುದಿಲ್ಲ. ಅವುಗಳಲ್ಲಿ ಫ್ರಿಜ್ಜಿನ ಕಾಲಿಗೆ ಗುಳಿ, ಟಿವಿಯ ಅಂಚಿಗೆ ಮೆಟ್ಟಿಲು, ಅಲ್ಲಲ್ಲಿ ತೂತು. ಎಷ್ಟೇ ಕತ್ತರಿಸಿ ಹೊಂದಿಸಿದರೂ ಸಂದುಗಳು ಉಳಿಯುತ್ತವೆ. ಬಿಸಿ ಆ ಸಂದುಗಳಲ್ಲೇ ಇಳಿಯುತ್ತದೆ, ಮೇಲಿನ ಪದರ ಅಲ್ಲೇ ಬಿರಿಯುತ್ತದೆ.

ಪುಡಿ ಮಾಡಿ ಸಿಮೆಂಟಿನಲ್ಲಿ ಕಲಸಿದರೆ ಆಕಾರದ ಚಿಂತೆಯೇ ಇಲ್ಲ, ಸಂದು ಇಲ್ಲ. ಪ್ರತಿ ಕಾಳಿನ ಸುತ್ತಲೂ ಸಿಮೆಂಟಿನ ಹೊದಿಕೆ ಇರುವುದರಿಂದ ಬೆಂಕಿ ಹರಡುವುದಿಲ್ಲ, ಇಲಿ ಕೊರೆಯುವುದೂ ಕಷ್ಟ. ಒಪ್ಪುತ್ತೇನೆ, ಶುದ್ಧ ಥರ್ಮೋಕೋಲಿನಷ್ಟು ಇದು ಬಿಸಿ ತಡೆಯುವುದಿಲ್ಲ. ಸಾಮಾನ್ಯ ಕಾಂಕ್ರೀಟಿನ ಮೂಲಕ ಹರಿಯುವ ಉಷ್ಣದ ಸುಮಾರು ಹತ್ತನೇ ಒಂದು ಪಾಲು ಈ ಮಿಶ್ರಣದ ಮೂಲಕ ಹರಿಯುತ್ತದೆ, ಶುದ್ಧ ಥರ್ಮೋಕೋಲಿನಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಹಾಗಾಗಿ ದಪ್ಪ ಹೆಚ್ಚು ಬೇಕು. ಆ ಬೆಲೆ ಕೊಡುವುದು ಸರಿ ಎಂದೇ ನನ್ನ ನಿರ್ಧಾರ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೊರತಂದ 2018ರ ಇಕೋ-ನಿವಾಸ್ ಸಂಹಿತೆ ವಾಸದ ಕಟ್ಟಡಗಳ ಛಾವಣಿಯ ಮೂಲಕ ಉಷ್ಣ ಹರಿಯುವ ಪ್ರಮಾಣಕ್ಕೆ ಮಿತಿ ಹೇಳುತ್ತದೆ: ಆ ಪ್ರಮಾಣದ ಅಳತೆಯಾದ ಯು-ಮೌಲ್ಯ 1.2 ಮೀರಬಾರದು. ಬರಿಯ ಆರ್‌ಸಿಸಿ ಸ್ಲ್ಯಾಬಿನದು 3ರ ಮೇಲೆಯೇ ಇರುತ್ತದೆ. 75 ಮಿಲಿಮೀಟರಿನ ಈ ಪದರ ಅದನ್ನು 1.2ರ ಆಸುಪಾಸಿಗೆ ಇಳಿಸುತ್ತದೆ ಎಂಬುದು ಕಾಗದದ ಮೇಲಿನ ಲೆಕ್ಕ. ನಾನು ಮೂರಿಂಚು ಎಂದು ಹಟ ಹಿಡಿಯುವುದು ಇದಕ್ಕೇ.

ಕೆಲಸಕ್ಕೆ ಇಳಿಯುವ ಮೊದಲು ತಾರಸಿ ನೋಡಿ

ಮೊದಲನೆಯದು ಭಾರ. ಮೂರಿಂಚಿನ ಥರ್ಮೋಕೋಲ್ ಪದರ, ಅದರ ಮೇಲೆ ಒಂದಿಂಚಿನ ಗಾರೆ ಸೇರಿದರೆ ಚದರ ಮೀಟರಿಗೆ 85–90 ಕಿಲೋ, ಅಂದರೆ ಚದರ ಅಡಿಗೆ ಎಂಟು ಕಿಲೋ ಬೀಳುತ್ತದೆ. ನಾಲ್ಕಿಂಚು ಇಟ್ಟಿಗೆ ಚೂರು ಹಾಸುವ ಹಳೆಯ ಪದ್ಧತಿ ಇದರ ಸುಮಾರು ಎರಡರಷ್ಟು ತೂಗುತ್ತದೆ. ಆದ್ದರಿಂದ ಚೆನ್ನಾಗಿರುವ ಸ್ಲ್ಯಾಬಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ನಿಮ್ಮ ತಾರಸಿಯ ಮೇಲೆ ಈಗಾಗಲೇ ಇಟ್ಟಿಗೆ ಚೂರಿನ ಪದರ ಇದ್ದರೆ, ಸ್ಲ್ಯಾಬಿನ ಕೆಳಗೆ ಕಬ್ಬಿಣ ತುಕ್ಕು ಹಿಡಿದು ಕಾಣುತ್ತಿದ್ದರೆ, ಅಥವಾ ನಿಮ್ಮದು ಕಬ್ಬಿಣದ ತೊಲೆಗಳ ಮೇಲೆ ಶಹಾಬಾದ್ ಕಲ್ಲು ಹಾಸಿದ ಹಳೆಯ ಛಾವಣಿಯಾಗಿದ್ದರೆ, ಸಿವಿಲ್ ಎಂಜಿನಿಯರ್ ಒಬ್ಬರು ಬಂದು ನೋಡಿ ಒಪ್ಪುವ ತನಕ ಒಂದು ಬಾಂಡಲಿ ಗಾರೆಯನ್ನೂ ಮೇಲೆ ಹಾಕಬೇಡಿ.

ಎರಡನೆಯದು ಎತ್ತರ. ತಾರಸಿ ನಾಲ್ಕು ಇಂಚು ಏರುತ್ತದೆ ಎಂದರೆ ಕಟ್ಟೆಗೋಡೆ ನಾಲ್ಕು ಇಂಚು ಗಿಡ್ಡವಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು. ಗೋಡೆ ಮೂರಡಿಗಿಂತ ಕಡಿಮೆಯಾಗುವುದಾದರೆ ಮೇಲೆ ಕಂಬಿ ಹಾಕಿಸಿ. ಮೆಟ್ಟಿಲ ಕೋಣೆಯ ಹೊಸ್ತಿಲು ಹೊಸ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ಮಳೆನೀರು ಮನೆಯೊಳಗೇ ಇಳಿಯುತ್ತದೆ.

ಮೂರನೆಯದು ಸೋರಿಕೆ. ನೀರು ಹೋಗುವ ಪೈಪುಗಳಿಗೆ ಬಟ್ಟೆ ತುರುಕಿ, ತಾರಸಿಯ ಮೇಲೆ ಎರಡಿಂಚು ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಕೆಳಗೆ ತೇವದ ಗುರುತು ಕಂಡಲ್ಲಿ ಬಿರುಕು ಕೆತ್ತಿ ಮುಚ್ಚಿಸಿ, ಸಿಮೆಂಟಿಗೆ ಹೊಂದುವ ಜಲನಿರೋಧಕವನ್ನು ಎರಡು ಕೈ ಹಚ್ಚಿಸಿ. ಹೊಸ ಪದರ ಬಿದ್ದ ಮೇಲೆ ಸೋರಿಕೆ ಎಲ್ಲಿಂದ ಎಂದು ಹುಡುಕುವುದು ನರಕ. ಇಲ್ಲಿ ಎರಡು ದಿನ ಹೆಚ್ಚು ಕಳೆದರೂ ನಷ್ಟವಿಲ್ಲ.

ಕಾಲ ಯಾವುದು? ದೀಪಾವಳಿ ಕಳೆದು ಶಿವರಾತ್ರಿಯೊಳಗೆ. ಮಳೆ ಇಲ್ಲ, ಗಾರೆ ಒಮ್ಮೆಲೆ ಒಣಗಿ ಬಿರಿಯುವಂತಹ ಬಿಸಿಲೂ ಇಲ್ಲ.

ಪುಡಿ ಮಾಡುವುದು

ಈ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ ಇದೇ. ಥರ್ಮೋಕೋಲ್ ಕಾಳಿಗೆ ಸ್ಥಿರ ವಿದ್ಯುತ್ ಏರುತ್ತದೆ. ಕೈಗೆ, ಕೂದಲಿಗೆ, ಗೋಡೆಗೆ ಅಂಟುತ್ತದೆ, ಸಣ್ಣ ಗಾಳಿಗೂ ಹಾರಿ ಓಣಿ ತುಂಬುತ್ತದೆ. ಹಾರಿಹೋದ ಕಾಳು ಹಕ್ಕಿಯ ಹೊಟ್ಟೆಯಲ್ಲೋ ಕೆರೆಯಲ್ಲೋ ಕೊನೆಗೊಳ್ಳುತ್ತದೆ. ಕಸ ತಗ್ಗಿಸಲು ಹೊರಟವರು ಅದನ್ನೇ ಊರಿಗೆ ಹರಡುವಂತಾಗಬಾರದು.

ಫ್ಯಾನ್ ಆರಿಸಿದ ಖಾಲಿ ಕೋಣೆಯಲ್ಲಿ ಕುಳಿತುಕೊಳ್ಳಿ. ಸೊಳ್ಳೆಪರದೆ ಕಟ್ಟಿಕೊಂಡು ಅದರೊಳಗೆ ಕುಳಿತರೆ ಇನ್ನೂ ಒಳ್ಳೆಯದು, ನಾನು ಹಾಗೆಯೇ ಮಾಡಿದೆ. ಮೂಗು ಬಾಯಿಗೆ ಮಾಸ್ಕ್ ಇರಲಿ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ ಹಾಕಿ, ಅದನ್ನು ತುಂಡುಗಳ ಮೇಲೆ ಚಿಮುಕಿಸಿ. ವಿದ್ಯುತ್ತಿನ ಅಂಟು ಬಿಟ್ಟುಹೋಗುತ್ತದೆ. ಸೋಪು ಹೆಚ್ಚಾದರೆ ಮುಂದೆ ಸಿಮೆಂಟಿನಲ್ಲಿ ನೊರೆ ಬಂದು ಗಾರೆ ದುರ್ಬಲವಾಗುತ್ತದೆ.

ಅರ್ಧ ಇಂಚಿನ ಕಣ್ಣಿನ ಗಟ್ಟಿ ಕಬ್ಬಿಣದ ಜಾಲರಿಯನ್ನು ಮರದ ಚೌಕಟ್ಟಿಗೆ ಹೊಡೆದು, ಬಾಯಿ ಅಗಲವಾದ ಡ್ರಮ್ಮಿನ ಮೇಲಿಟ್ಟು, ಕೊಬ್ಬರಿ ತುರಿಯುವಂತೆ ತುಂಡುಗಳನ್ನು ಅದರ ಮೇಲೆ ಉಜ್ಜಿ. ಬಿಡಿ ಕಾಳು, ಕಡಲೆ ಗಾತ್ರದ ಚೂರು ಎರಡೂ ಬೆರೆತು ಬಿದ್ದರೆ ಒಳ್ಳೆಯದು. ದೊಡ್ಡವುಗಳ ನಡುವೆ ಸಣ್ಣವು ಕೂರುತ್ತವೆ. ಮಿಕ್ಸಿಗೆ ಹಾಕಬೇಡಿ, ಬಿಸಿ ತಂತಿಯಿಂದ ಕತ್ತರಿಸಬೇಡಿ. ಬಿಸಿ ತಾಗಿದಾಗ ಏಳುವ ಸ್ಟೈರೀನ್ ಹೊಗೆ ಉಸಿರಿಗೆ ಕೆಟ್ಟದ್ದು. ಮೇಲಿನ ಅಂಟುಪಟ್ಟಿ, ಕಾಗದದ ಚೀಟಿಗಳನ್ನು ಮೊದಲೇ ಕಿತ್ತುಬಿಡಿ.

ಮಿಶ್ರಣ: ಮಂಡಕ್ಕಿ ಉಂಡೆಯ ಲೆಕ್ಕ

ಅಳತೆ ಗಾತ್ರದಲ್ಲಿ, ಒಂದೇ ಬಕೆಟ್ಟಿನಿಂದ: ಸಿಮೆಂಟ್ ಒಂದು, ಮರಳು ಅರ್ಧ, ಥರ್ಮೋಕೋಲ್ ಪುಡಿ ಆರು. ಎಂ ಸ್ಯಾಂಡ್ ಆದರೂ ನಡೆಯುತ್ತದೆ, ಜರಡಿ ಹಿಡಿದ ನಯವಾದದ್ದಿರಲಿ. 50 ಕಿಲೋದ ಸಿಮೆಂಟ್ ಚೀಲ ಸುಮಾರು 35 ಲೀಟರ್ ಆಗುತ್ತದೆ, ಅದಕ್ಕೆ 210 ಲೀಟರ್ ಪುಡಿ, 20–22 ಲೀಟರ್ ನೀರು. ನಮ್ಮ ಹತ್ತು ಹನ್ನೆರಡರ ಕೋಣೆಗೆ ಈ ಪದರಕ್ಕೆ ನಾಲ್ಕು ಚೀಲ ಹಿಡಿಯುತ್ತದೆ, ಮೇಲಿನ ಗಾರೆಗೆ ಎರಡು, ಮೂರು ಚೀಲ ಬೇರೆ.

ಕಲಸುವ ಕ್ರಮದಲ್ಲೇ ಗುಟ್ಟಿದೆ. ಎಲ್ಲವನ್ನೂ ಒಣಗಿದ್ದಾಗಲೇ ಸೇರಿಸಿ ನೀರು ಸುರಿದರೆ ಪುಡಿ ಮೇಲೆ ತೇಲುತ್ತದೆ, ಸಿಮೆಂಟು ತಳ ಸೇರುತ್ತದೆ. ಮಂಡಕ್ಕಿ ಉಂಡೆ ಕಟ್ಟುವುದನ್ನು ನೆನಪಿಸಿಕೊಳ್ಳಿ. ಬೆಲ್ಲದ ಪಾಕ ಮೊದಲು ಸಿದ್ಧವಾಗಬೇಕು, ಆಮೇಲೆ ಮಂಡಕ್ಕಿ. ಪಾಕ ತೆಳುವಾದರೆ ಮಂಡಕ್ಕಿಯಿಂದ ಜಾರಿ ಬಾಣಲೆಯ ತಳಕ್ಕೆ ಇಳಿಯುತ್ತದೆ, ಗಟ್ಟಿಯಾದರೆ ಎಲ್ಲ ಕಾಳಿಗೂ ಹತ್ತುವುದಿಲ್ಲ. ಇಲ್ಲಿಯೂ ಹಾಗೆಯೇ. ಮೊದಲು ಸಿಮೆಂಟನ್ನು ಮುಕ್ಕಾಲು ಪಾಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ದೋಸೆ ಹಿಟ್ಟಿನ ಹದದ ಪಾಕ ಮಾಡಿಕೊಳ್ಳಿ. ಅದಕ್ಕೆ ಪುಡಿಯನ್ನು ಎರಡೆರಡು ಬಕೆಟ್ ಸುರಿಯುತ್ತಾ, ಪ್ರತಿ ಕಾಳೂ ಬೂದು ಬಣ್ಣಕ್ಕೆ ತಿರುಗುವ ತನಕ ಮಗುಚಿ. ಕೊನೆಗೆ ಮರಳು, ಬೇಕಾದಷ್ಟೇ ಉಳಿದ ನೀರು.

ನಮ್ಮ ತಾರಸಿಗೆ ಬಂದ ಗೌಂಡಿ ಮೊದಲ ಬಾಂಡಲಿ ನೋಡಿ, “ಅಕ್ಕಾವರೆ, ಇದು ಗಾರೆಯೋ ಚುರುಮುರಿಯೋ?” ಎಂದು ಕೇಳಿದರು. “ಒಂದು ಹಿಡಿ ತೆಗೆದುಕೊಂಡು ಉಂಡೆ ಕಟ್ಟಿ ನೋಡಿ, ಅಣ್ಣ” ಎಂದೆ. ಉಂಡೆ ನಿಂತಿತು, ಬೆರಳ ಸಂದಿಯಿಂದ ನೀರು ಇಳಿಯಲಿಲ್ಲ. ಅದೇ ಸರಿಯಾದ ಹದ. ನೀರು ಸೋರಿದರೆ ಸ್ವಲ್ಪ ಸಿಮೆಂಟು ಸೇರಿಸಿ, ಉಂಡೆ ಉದುರಿದರೆ ಕೈಯಿಂದ ನೀರು ಚಿಮುಕಿಸಿ. ಒಮ್ಮೆಗೆ ಅರ್ಧ ಚೀಲ ಸಿಮೆಂಟಿಗಿಂತ ಹೆಚ್ಚು ಕಲಸಬೇಡಿ. ತಾರಸಿಯ ಗಾಳಿಗೆ ಅದು ಬೇಗ ಬಿಗಿಯುತ್ತದೆ.

ಹಾಸುವುದು

ತಾರಸಿಯನ್ನು ಗುಡಿಸಿ, ತೊಳೆದು, ನೀರು ಆರಿದ ಮೇಲೆ ತೆಳು ಸಿಮೆಂಟ್ ಹಾಲನ್ನು ಪೊರಕೆಯಿಂದ ಎಳೆಯಿರಿ. ಅದು ಹಸಿಯಿರುವಾಗಲೇ ಮಿಶ್ರಣ ಬೀಳಬೇಕು. ನಾಲ್ಕಡಿ ಅಗಲದ ಪಟ್ಟಿಗಳಾಗಿ, ಬಾಗಿಲಿಗೆ ದೂರದ ಮೂಲೆಯಿಂದ ಆರಂಭಿಸಿ ಹಿಂದೆ ಸರಿಯುತ್ತಾ ಬನ್ನಿ. ಪಟ್ಟಿಯ ಎರಡು ಅಂಚಿಗೆ ಮೂರಿಂಚಿನ ಮರದ ರೀಪು ಇಟ್ಟುಕೊಂಡರೆ ದಪ್ಪ ತಾನಾಗಿ ಸಮನಾಗುತ್ತದೆ.

ನೀರಿನ ಇಳಿಜಾರು ಈ ಪದರದಲ್ಲೇ ಬರಬೇಕು. ಎಂಟು ಅಡಿಗೆ ಒಂದು ಇಂಚು ಇಳಿದರೆ ಸಾಕು. ನೀರು ಹೊರಹೋಗುವ ಬಾಯಿಯ ಸುತ್ತ ಒಂದಡಿ ಚೌಕದಲ್ಲಿ ಪದರವನ್ನು ತಟ್ಟೆಯಂತೆ ತಗ್ಗಿಸಿ. ಆ ತಗ್ಗಿನಲ್ಲಿ ದಪ್ಪ ಕಡಿಮೆಯಾದರೂ ಚಿಂತೆಯಿಲ್ಲ, ನೀರು ನಿಲ್ಲಬಾರದು.

ಕಾಂಕ್ರೀಟಿನಂತೆ ಗುದ್ದಬೇಡಿ. ಗುದ್ದಿದರೆ ಕಾಳು ಮೇಲೆದ್ದು ಪಾಕ ತಳ ಸೇರುತ್ತದೆ. ಅಗಲವಾದ ಮರದ ಹಲಗೆಯಿಂದ, ಚಪಾತಿ ಹಿಟ್ಟನ್ನು ಅಂಗೈಯಲ್ಲಿ ಒತ್ತುವ ಬಲದಲ್ಲಿ ಒತ್ತಿ, ನೇರವಾದ ಮರದ ಪಟ್ಟಿಯಿಂದ ಎಳೆದು ಮಟ್ಟ ಮಾಡಿಬಿಡಿ. ಮೇಲ್ಮೈ ತರಿತರಿಯಾಗಿರಲಿ, ಮೇಲಿನ ಗಾರೆಗೆ ಅದು ಹಿಡಿತ ಕೊಡುತ್ತದೆ. ಅದರ ಮೇಲೆ ನಡೆಯಬೇಕಾದರೆ ಹಲಗೆ ಹಾಸಿಕೊಳ್ಳಿ. ಮರುದಿನದಿಂದ ಮೂರು ದಿನ ಒದ್ದೆ ಗೋಣಿಚೀಲ ಹೊದಿಸಿ ನೀರು ಚಿಮುಕಿಸಿ. ಧಾರೆ ಸುರಿದರೆ ಕಾಳು ಎದ್ದುಬರುತ್ತದೆ.

ತಾರಸಿಯ ಮೇಲೆ ಹಾದುಹೋಗುವ ವಿದ್ಯುತ್ ತಂತಿ ಇದ್ದರೆ ಅದನ್ನು ಈ ಪದರದೊಳಗೆ ಹೂಳಬೇಡಿ. ಪಿವಿಸಿ ಹೊದಿಕೆಯ ತಂತಿಗೆ ಪಾಲಿಸ್ಟೈರೀನ್ ತಾಗಿಕೊಂಡಿದ್ದರೆ, ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂತಹ ಅಂಶ ಮೆಲ್ಲಗೆ ಪಾಲಿಸ್ಟೈರೀನಿಗೆ ಇಳಿದುಹೋಗುತ್ತದೆ. ತಂತಿಯ ಹೊದಿಕೆ ಒಣಗಿ ಬಿರಿಯುತ್ತದೆ. ಪೈಪಿನೊಳಗೆ ಹಾಕಿ, ಪದರದ ಮೇಲ್ಗಡೆ ಗೋಡೆಗುಂಟ ಒಯ್ಯಿರಿ.

ಮೇಲಿನ ಗಾರೆ ಮತ್ತು ಬಿಳಿ ಮೈ

ಥರ್ಮೋಕೋಲ್ ಪದರ ಕಾಲ್ತುಳಿತಕ್ಕೆ ತಾಳುವುದಿಲ್ಲ. ಅದರ ಮೇಲೆ ಕೋಳಿ ಜಾಲರಿ ಹಾಸಿ, ಒಂದಕ್ಕೆ ನಾಲ್ಕರ ಸಿಮೆಂಟ್ ಗಾರೆಯನ್ನು ಒಂದಿಂಚು ದಪ್ಪ ಎಳೆಸಿ. ಜಾಲರಿ ಗಾರೆಯ ನಡುವೆ ಕೂರುವಂತೆ ಸ್ವಲ್ಪ ಎತ್ತಿ ಎತ್ತಿ ಬಿಡಬೇಕು, ತಳದಲ್ಲೇ ಉಳಿದರೆ ಬಿರುಕು ತಡೆಯುವುದಿಲ್ಲ. ಆರೇಳು ಅಡಿಗೊಮ್ಮೆ ಅಡ್ಡಕ್ಕೂ ಉದ್ದಕ್ಕೂ ಗಾರೆಯನ್ನು ಸೀಳಿ, ಆ ಸೀಳಿಗೆ ಮೆದುವಾದ ಸೀಲಂಟ್ ತುಂಬಿ. ಬಿಸಿಲಿಗೆ ಹಿಗ್ಗಲು ಗಾರೆಗೆ ಜಾಗ ಬೇಕು, ನೀವು ಕೊಡದಿದ್ದರೆ ಅದು ತಾನೇ ಬಿರಿದು ಮಾಡಿಕೊಳ್ಳುತ್ತದೆ. ಕಟ್ಟೆಗೋಡೆ ಸೇರುವಲ್ಲಿ ಮೂಲೆಯನ್ನು ನೇರವಾಗಿ ಬಿಡದೆ ಗುಂಡಗೆ ತಿರುವಿ, ಗೋಡೆಯ ಮೇಲೆ ಅರ್ಧ ಅಡಿ ಹತ್ತಿಸಿ. ಏಳು ದಿನ ನೀರು ಕುಡಿಸಿ.

ನಮ್ಮ ಕಡೆ ಶಹಾಬಾದ್ ಕಲ್ಲು ಅಗ್ಗಕ್ಕೆ ಸಿಗುತ್ತದೆ ಎಂದು ಅದನ್ನೇ ಮೇಲೆ ಹಾಸುವ ಆಸೆಯಾಗುತ್ತದೆ. ಒಂದಿಂಚಿನ ಕಲ್ಲು ಚದರ ಮೀಟರಿಗೆ ಸುಮಾರು 65 ಕಿಲೋ ಸೇರಿಸುತ್ತದೆ. ಬಣ್ಣವೂ ಕಪ್ಪುಬೂದು, ಬಿಸಿಲು ಹೀರುತ್ತದೆ. ನಾನು ಬೇಡವೆಂದೆ. ಗಾರೆಯನ್ನು ಮೂರು, ನಾಲ್ಕು ವಾರ ಒಣಗಲು ಬಿಟ್ಟು, ಆಮೇಲೆ ಬಿಳಿಯ ಜಲನಿರೋಧಕ ಬಣ್ಣ ಎರಡು ಕೈ ಹೊಡೆಸಿದೆ. ಕೈಯಲ್ಲಿ ಹಣವಿಲ್ಲದಿದ್ದರೆ ಗೋಂದು ಬೆರೆಸಿದ ಸುಣ್ಣವೂ ಆಗುತ್ತದೆ, ಪ್ರತಿ ಯುಗಾದಿಗೆ ಮುಂಚೆ ಮತ್ತೆ ಬಳಿಯಬೇಕಷ್ಟೆ. ಬಿಳಿ ಮೈ ಬಿಸಿಲನ್ನು ಹಿಂದಿರುಗಿಸುತ್ತದೆ, ಉಳಿದದ್ದನ್ನು ಕೆಳಗಿನ ಪದರ ತಡೆಯುತ್ತದೆ. ಎರಡೂ ಸೇರಿದಾಗಲೇ ಪೂರ್ತಿ ಫಲ.

ಥರ್ಮೋಕೋಲ್ ಬಯಲಿಗೆ ಕಾಣುವ ಕಡೆ ಪೆಟ್ರೋಲ್, ಥಿನ್ನರ್, ರಬ್ಬರ್ ಅಂಟು ತಾಗಿಸಬೇಡಿ, ನೋಡನೋಡುತ್ತಿದ್ದಂತೆ ಕರಗಿಹೋಗುತ್ತದೆ.

ತಗಡಿನ ಮನೆಯವರಿಗೆ

ನಿಮಗೆ ಈ ಪದರದ ದಾರಿ ಇಲ್ಲ, ತಗಡು ಇಷ್ಟು ಭಾರ ಹೊರುವುದಿಲ್ಲ. ಹಾಗೆಂದು ಕೆಳಗೆ ಥರ್ಮೋಕೋಲ್ ಅಂಟಿಸಬಾರದು ಎಂಬ ಮಾತು ನಿಮಗೇ ಮೊದಲು ಅನ್ವಯಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಕಾದ ತಗಡು ಥರ್ಮೋಕೋಲ್ ಮೆತ್ತಗಾಗುವ ತಾಪದ ಹತ್ತಿರಕ್ಕೇ ಹೋಗುತ್ತದೆ, ಕೆಳಗೆ ಒಲೆ ಇರುತ್ತದೆ. ತಗಡಿನ ಮೇಲ್ಮೈಗೆ ಬಿಳಿ ಬಣ್ಣ ಹೊಡೆಸಿ. ಅದರ ಮೇಲೆ ಒಂದಡಿ ಎತ್ತರದಲ್ಲಿ ನರ್ಸರಿಯವರು ಬಳಸುವ ನೆರಳುಬಲೆ ಕಟ್ಟಿ, ನಡುವೆ ಗಾಳಿ ಆಡಲಿ. ಗೋಡೆ ಮತ್ತು ತಗಡಿನ ನಡುವಿನ ಸಂದನ್ನು ಮುಚ್ಚದೆ ಬಿಸಿಗಾಳಿ ಹೊರಹೋಗಲು ಬಿಡಿ. ನೀವು ಕೂಡಿಟ್ಟ ಥರ್ಮೋಕೋಲನ್ನು ಆರ್‌ಸಿಸಿ ಮನೆಯ ನೆಂಟರಿಗೆ ಕೊಡಿ.

ಟ್ಯಾಂಕು ಮತ್ತು ಪೈಪು

ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುವುದು ಬೇಸಿಗೆಯ ಇನ್ನೊಂದು ಕಷ್ಟ. ಬೇರೆ ಇಡಲು ಹೇಳಿದ ಪಾಲಿಎಥಿಲೀನ್ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಎರಡು, ಮೂರು ಸುತ್ತು ಸುತ್ತಿ, ಸೆಣಬಿನ ದಾರದಿಂದ ಬಿಗಿದು, ಮೇಲೆ ಹಳೆಯ ಬಿಳಿ ಬಟ್ಟೆ ಸುತ್ತಿ ಸುಣ್ಣ ಬಳಿಯಿರಿ. ಬರಿದಾಗಿ ಬಿಟ್ಟರೆ ಬಿಸಿಲಿಗೆ ಆ ಹಾಳೆ ಚೂರುಚೂರಾಗುತ್ತದೆ. ಸೋಲಾರ್ ಹೀಟರಿನ ಬಿಸಿನೀರಿನ ಪೈಪಿಗೆ ಇದು ಬೇಡ, ಅದರ ತಾಪ ಹೆಚ್ಚು. ಟ್ಯಾಂಕಿಗಾದರೆ ಪಡುವಣ ಮತ್ತು ತೆಂಕಣ ಬದಿಗೆ ಇಟ್ಟಿಗೆಯ ಒಂಟಿ ಗೋಡೆ ಕಟ್ಟಿ, ಟ್ಯಾಂಕು ಮತ್ತು ಗೋಡೆಯ ನಡುವೆ ಮೇಲಿನದೇ ಮಿಶ್ರಣ ತುಂಬಬಹುದು. ಟ್ಯಾಂಕಿನ ಮುಚ್ಚಳ, ನಲ್ಲಿ ಸೇರುವ ಜಾಗ ಮಾತ್ರ ತೆರೆದಿರಲಿ.

ಆದ ಮೇಲೆ

ಒಂದು ಕೋಣೆಗೆ ಮಾತ್ರ ಮಾಡಿದ್ದರೆ ಹೋಲಿಸುವುದು ಸುಲಭ. ಎರಡು ಸಾಧಾರಣ ಥರ್ಮಾಮೀಟರ್ ತಂದು, ಮಾಡಿದ ಕೋಣೆಯಲ್ಲೊಂದು ಮಾಡದ ಕೋಣೆಯಲ್ಲೊಂದು ತಲೆಯ ಎತ್ತರಕ್ಕೆ ತೂಗುಹಾಕಿ, ಸಂಜೆ ನಾಲ್ಕಕ್ಕೂ ರಾತ್ರಿ ಹತ್ತಕ್ಕೂ ಬರೆದಿಡಿ. ನನಗೆ ಹೆಚ್ಚು ಗೊತ್ತಾದದ್ದು ರಾತ್ರಿಯಲ್ಲಿ. ಮಂಚದ ಮೇಲೆ ನಿಂತು ಛಾವಣಿಗೆ ಅಂಗೈ ಇಟ್ಟರೆ ಮೊದಲು ಕಾವಲಿಯ ನೆನಪಾಗುತ್ತಿತ್ತು, ಈಗ ಹಾಗಾಗುವುದಿಲ್ಲ. ಆದರೆ ಮೇಲೆ ಹೊದಿಕೆ ಬಿದ್ದ ಸ್ಲ್ಯಾಬ್ ರಾತ್ರಿ ಆಕಾಶಕ್ಕೆ ಬಿಸಿ ಬಿಟ್ಟುಕೊಳ್ಳುವುದೂ ನಿಧಾನ. ಆದ್ದರಿಂದ ರಾತ್ರಿ ಎದುರುಬದುರಿನ ಕಿಟಕಿ ತೆರೆದು, ಬೆಳಗ್ಗೆ ಬಿಸಿಲೇರುವ ಮೊದಲು ಮುಚ್ಚುವ ರೂಢಿ ಬೇಕು. ಪಡುವಣ ಗೋಡೆಯ ಬಿಸಿ ಹಾಗೆಯೇ ಉಳಿಯುತ್ತದೆ, ಅದಕ್ಕೆ ಬಳ್ಳಿಯನ್ನೋ ಚಪ್ಪರವನ್ನೋ ಹಬ್ಬಿಸಬೇಕು.

ಉಳಿದ ಪುಡಿಯನ್ನು ಗಟ್ಟಿಯಾಗಿ ಕಟ್ಟಿ ಮುಂದಿನ ಕೋಣೆಗೆ ಇಡಿ. ಬಾಂಡಲಿ, ಸಲಿಕೆ ತೊಳೆದ ನೀರನ್ನು ಮೋರಿಗೆ ಬಿಡದೆ ಬಟ್ಟೆಯಲ್ಲಿ ಸೋಸಿ, ಸಿಕ್ಕ ಕಾಳನ್ನು ಚೀಲಕ್ಕೆ ಸೇರಿಸಿ.

ರೋಹಿಣಿ ಮಳೆ ಮೊದಲ ಬಾರಿ ಜೋರಾಗಿ ಬಿದ್ದ ದಿನ, ಮಳೆ ನಿಂತು ಒಂದು ಗಂಟೆಯಾದ ಮೇಲೆ ಸುಣ್ಣದ ಕಡ್ಡಿ ಹಿಡಿದು ತಾರಸಿಗೆ ಹೋಗಿ. ನೀರು ನಿಂತ ಕಡೆಯೆಲ್ಲ ಅದರ ಅಂಚಿಗೆ ಗೆರೆ ಎಳೆಯಿರಿ. ಬಿಸಿಲು ಬಂದು ಒಣಗಿದ ಮೇಲೆ ಆ ಗೆರೆಗಳೊಳಗೆ ತೆಳು ಗಾರೆ ಎಳೆಸಿ ತಗ್ಗು ತುಂಬಿ, ಬಿಳಿ ಬಣ್ಣ ಹಚ್ಚಿ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಇದು ಮುಗಿದಿರಲಿ.